ಬಾವಲಿಯ ಬಲೆ, ಉಲ್ಲನ್ನಿನ ಉಂಡೆ

ಮನೆಗೆ ಬಂದ ನೆಂಟರು ಕೇಳುವ ಮೊದಲ ಪ್ರಶ್ನೆ ಎಲ್ಲರಿಗೂ ಗೊತ್ತಿರುವುದೇ. "ಮಗಳು ಈಗ ಏನು ಮಾಡ್ತಿದ್ದಾಳೆ?" ಸಾಗರದ ಕಡೆಯ ಒಂದು ಮನೆಯಲ್ಲಿ ತಾಯಿ ಇದಕ್ಕೆ "ಪ್ರಾಣಿಶಾಸ್ತ್ರದಲ್ಲಿ ಎಂ.ಎಸ್ಸಿ." ಎಂದಷ್ಟೇ ಹೇಳಿ ಕಾಫಿ ತರಲು ಒಳಗೆ ಹೋಗಿಬಿಡುತ್ತಾರೆ. ಮಗಳು ರಾತ್ರಿ ಹೊತ್ತು ತೋಟದ ಅಂಚಿನಲ್ಲಿ ಬಲೆ ಕಟ್ಟಿ ಬಾವಲಿ ಹಿಡಿಯುತ್ತಾಳೆ, ಅಳೆಯುತ್ತಾಳೆ, ಆಮೇಲೆ ಬಿಟ್ಟುಬಿಡುತ್ತಾಳೆ ಎಂದು ಬಿಡಿಸಿ ಹೇಳಿದರೆ "ಬಿಡೋದಕ್ಕೆ ಹಿಡಿಯೋದ್ಯಾಕೆ?" ಎಂಬ ಮುಂದಿನ ಪ್ರಶ್ನೆ ಬರುತ್ತದೆ. ಅದಕ್ಕೆ ಉತ್ತರ ಅವರಿಗೂ ಪೂರ್ತಿ ಗೊತ್ತಿಲ್ಲ. ಅದರ ಬದಲು ಮಗಳು ಹೆಣೆದ ಸ್ವೆಟರನ್ನು ಬೀರುವಿನಿಂದ ತೆಗೆದು ತೋರಿಸುತ್ತಾರೆ. "ಎಲ್ಲಾ ಅವಳ ಅಜ್ಜಿ ಕಲಿಸಿದ್ದು."

ಹುಡುಗಿಯ ಪಾಡು ಹಾಸ್ಟೆಲಿನಲ್ಲಿ ಇದಕ್ಕೆ ಸರಿಯಾಗಿ ತಿರುಗುಮುರುಗು. ಅಲ್ಲಿ ಬಾವಲಿಯ ಮಾತಿಗೆ ಮರ್ಯಾದೆ ಉಂಟು. ಉಲ್ಲನ್ ಕಡ್ಡಿ ತೆಗೆದರೆ ಮಾತ್ರ "ಏನಮ್ಮಾ, ಅಜ್ಜಿ ಆಗಿಬಿಟ್ಟೆಯಾ?" ಎಂಬ ನಗೆ. ಕಾಡಿನ ಕೆಲಸಕ್ಕೆ ಬಂದವರು ಗಟ್ಟಿಯಾಗಿರಬೇಕು, ಗುಲಾಬಿ ಬಣ್ಣದ ಉಂಡೆ ಹಿಡಿದು ಕೂರಬಾರದು ಎಂಬುದು ಅಲ್ಲಿನ ತಿಳಿವಳಿಕೆ. ಹೀಗಾಗಿ ಮನೆಯಲ್ಲಿ ಬಾವಲಿಯನ್ನು ಮುಚ್ಚಿಡಬೇಕು, ಹಾಸ್ಟೆಲಿನಲ್ಲಿ ಉಲ್ಲನ್ ಮುಚ್ಚಿಡಬೇಕು. ಇಂಥ ಮಕ್ಕಳು ಹಲವು ಮನೆಗಳಲ್ಲಿದ್ದಾರೆ. ಒಬ್ಬನಿಗೆ ಲೆಕ್ಕಪತ್ರದ ಓದಿನ ಜೊತೆ ಮೃದಂಗ, ಇನ್ನೊಬ್ಬಳಿಗೆ ನರ್ಸಿಂಗ್ ಜೊತೆ ಚದುರಂಗ. ಇಲ್ಲಿ ಬಾವಲಿ ಮತ್ತು ಹೆಣಿಗೆ, ಅಷ್ಟೇ ವ್ಯತ್ಯಾಸ. ಹೆಸರು ಬೇಡ.

ಬಾವಲಿಗೆ ನಮ್ಮಲ್ಲಿ ಒಳ್ಳೆಯ ಹೆಸರಿಲ್ಲ. ಮನೆಯೊಳಗೆ ಬಂದರೆ ಅಪಶಕುನ, ಗುಡಿಯಲ್ಲಿದ್ದರೆ ಹೊಲಸು, ಸಪೋಟ ಮರಕ್ಕೆ ಬಂದರೆ ಕಳ್ಳ. ಕಾನೂನೂ ಬಹುಕಾಲ ಹಾಗೆಯೇ ನೋಡಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಹಣ್ಣು ತಿನ್ನುವ ಬಾವಲಿಗಳು ಕಾಗೆ, ಇಲಿಗಳ ಜೊತೆ ಉಪದ್ರವಕಾರಿಗಳ ಪಟ್ಟಿಯಲ್ಲಿದ್ದವು. ಆ ಪಟ್ಟಿಯೇ ಹೋದದ್ದು 2022ರ ತಿದ್ದುಪಡಿಯಲ್ಲಿ. ಜಗತ್ತಿನಲ್ಲಿ 1,400ಕ್ಕೂ ಹೆಚ್ಚು ಜಾತಿಯ ಬಾವಲಿಗಳಿವೆ. ಸಸ್ತನಿಗಳ ಜಾತಿಗಳನ್ನೆಲ್ಲ ಸಾಲಾಗಿ ನಿಲ್ಲಿಸಿದರೆ ಹೆಚ್ಚು ಕಡಿಮೆ ಐದಕ್ಕೊಂದು ಬಾವಲಿ. ಭಾರತದಲ್ಲಿ ಸುಮಾರು 130 ಜಾತಿಗಳು. ಖಾನಾಪುರ ತಾಲ್ಲೂಕಿನ ಭೀಮಗಡದ ಕಾಡಿನಲ್ಲಿ ಬಾರಾಪೆಡೆ ಎಂಬ ಗುಹೆಗಳಿವೆ. ಅಲ್ಲಿ ಸಿಕ್ಕಿದ ರಾಟನ್ ಬಾವಲಿಯನ್ನು 1913ರಲ್ಲಿ ಹೊಸ ಜಾತಿಯೆಂದು ವಿವರಿಸಲಾಯಿತು. ದಶಕಗಳವರೆಗೆ ಭೂಮಿಯ ಮೇಲೆ ಅದೊಂದೇ ಜಾಗದಲ್ಲಿ ಅದು ಇದೆಯೆಂದು ನಂಬಲಾಗಿತ್ತು. ಆಮೇಲೆ ಮೇಘಾಲಯದಲ್ಲೂ ಸಿಕ್ಕಿತು. ಕೋಲಾರದ ಹನುಮನಹಳ್ಳಿಯ ಗುಹೆಯಲ್ಲಿ ಎಲೆಮೂಗಿನ ಇನ್ನೊಂದು ಬಾವಲಿ ಇದೆ, 1994ರಲ್ಲಿ ವಿವರಿಸಿದ್ದು. ಊರಿನ ಹೆಸರನ್ನೇ ಹೊತ್ತ ಆ ಜೀವಿ ಅಳಿವಿನ ಅಂಚಿನಲ್ಲಿದೆ. ಸುತ್ತ ಕಲ್ಲು ಒಡೆಯುವ ಕೆಲಸವೇ ಅದಕ್ಕೆ ಮೃತ್ಯು. ಎಲ್ಲಿ ಯಾವುದು ಎಷ್ಟಿದೆ ಎಂದು ಗೊತ್ತಿಲ್ಲದೆ ಯಾವುದನ್ನೂ ಉಳಿಸಲಾಗದು. ಬಿಡುವುದಕ್ಕೆ ಹಿಡಿಯುವುದು ಇದಕ್ಕಾಗಿ.

ಸರಿ, ಆ ಹಿಡಿಯುವ ಕೆಲಸ ಹೇಗಿರುತ್ತದೆ? ಮಿಸ್ಟ್ ನೆಟ್ ಎಂದರೆ ಕೂದಲೆಳೆಯಂಥ ಕಪ್ಪು ದಾರದ ಬಲೆ. ಬಾಳೆ ತೋಟದ ದಾರಿಗೋ ಹಳ್ಳಕ್ಕೋ ಅಡ್ಡಲಾಗಿ ಎರಡು ಗಳುಗಳ ನಡುವೆ ಅದನ್ನು ಕಟ್ಟಿ, ಹೊತ್ತು ಮುಳುಗಿದ ಮೇಲೆ ಬಿಚ್ಚುತ್ತಾರೆ. ಬಿಚ್ಚಿದ ಮೇಲೆ ಹತ್ತು ನಿಮಿಷಕ್ಕೊಮ್ಮೆ, ಬಹಳವೆಂದರೆ ಹದಿನೈದು ನಿಮಿಷಕ್ಕೊಮ್ಮೆ ಹೋಗಿ ನೋಡಲೇಬೇಕು. ಬಾವಲಿ ಸಿಕ್ಕಿದ್ದರೆ ಕೈಗವಸು ತೊಟ್ಟು ಬಿಡಿಸಬೇಕು. ಹತ್ತಿ ಬಟ್ಟೆಯ ಚೀಲದಲ್ಲಿ ಹಾಕಿ ಸ್ಪ್ರಿಂಗ್ ತಕ್ಕಡಿಗೆ ನೇತುಹಾಕಿದರೆ ತೂಕ ಸಿಗುತ್ತದೆ. ಮುಂದೋಳಿನ ಉದ್ದ ಅಳೆದು, ಗಂಡೋ ಹೆಣ್ಣೋ, ಮರಿಯೋ ದೊಡ್ಡದೋ ಎಂದು ಬರೆದುಕೊಂಡು ಬಿಡಬೇಕು. ಇದಿಷ್ಟಕ್ಕೆ ಕೆಲವೇ ನಿಮಿಷ. ಉಳಿದ ಹೊತ್ತೆಲ್ಲ ಕಾಯುವುದು. ಸಂಜೆ ಆರರಿಂದ ರಾತ್ರಿ ಹನ್ನೊಂದರವರೆಗೆ, ಕೆಲವೊಮ್ಮೆ ಒಂದೇ ಒಂದು ಬಾವಲಿ ಇಲ್ಲದೆ, ಸೊಳ್ಳೆಗಳ ಜೊತೆ.

ಕಾಯುವ ಹೊತ್ತಿಗೆ ಹೆಣಿಗೆಗಿಂತ ಒಳ್ಳೆಯ ಸಂಗಾತಿ ಉಂಟೇ? ಹುಡುಗಿಗೂ ಹಾಗೇ ಅನ್ನಿಸಿತ್ತು. ಹಣೆಗೆ ಕಟ್ಟಿದ ದೀಪದ ಬೆಳಕಿನಲ್ಲಿ ಅಜ್ಜಿಗೆಂದು ಹೆಣೆಯುತ್ತಿದ್ದ ಸ್ವೆಟರಿನ ಬೆನ್ನು ಡಿಸೆಂಬರಿನಲ್ಲಿ ಚೆನ್ನಾಗಿ ಬೆಳೆಯಿತು. ಜನವರಿಯ ಒಂದು ರಾತ್ರಿ ಕುತ್ತಿಗೆಯ ಹತ್ತಿರದ ಲೆಕ್ಕ ಬಂತು. ಅಲ್ಲಿ ಪ್ರತಿ ಸಾಲಿನಲ್ಲೂ ಕುಣಿಕೆ ಕಡಿಮೆ ಮಾಡುತ್ತ ಹೋಗಬೇಕು. ಹೆಣೆಯುವವರಿಗೆ ಗೊತ್ತು, ನಡುವೆ ಎದ್ದರೆ ಲೆಕ್ಕ ತಪ್ಪುತ್ತದೆ. ಈ ಸಾಲು ಮುಗಿಸಿ ಏಳೋಣ ಎಂದುಕೊಂಡಳು. ಆಮೇಲೆ ಇನ್ನೊಂದು ಸಾಲು. ಎದ್ದು ಹೋದಾಗ ಮೂವತ್ತೈದು ನಿಮಿಷ ಕಳೆದಿತ್ತು. ಬಲೆಯ ಕೆಳ ಜೇಬಿನಲ್ಲಿ ಗಿಡ್ಡಮೂತಿಯ ಹಣ್ಣುಬಾವಲಿಯೊಂದು ಐದಾರು ಸುತ್ತು ಸುತ್ತಿಕೊಂಡು, ಬಾಯಲ್ಲಿ ದಾರ ಕಚ್ಚಿಕೊಂಡು ಒದ್ದಾಡಿ ಸುಸ್ತಾಗಿ ಬಿದ್ದಿತ್ತು. ರೆಕ್ಕೆಯ ತೊಗಲು ಒಂದು ಕಡೆ ಹರಿದಿತ್ತು. ಸಂಗಡ ಇದ್ದವರು ಸೇರಿ ದಾರ ಕತ್ತರಿಸಿ ಬಿಡಿಸಿದರು, ಸಕ್ಕರೆ ನೀರು ಹನಿಸಿದರು. ಗಂಟೆಯ ಮೇಲೆ ಅದು ಹಾರಿಹೋಯಿತು. ಬದುಕಿತೋ ಇಲ್ಲವೋ ಹೇಳಲಾಗದು. ವರ್ಷಕ್ಕೆ ಒಂದೋ ಎರಡೋ ಮರಿ ಹಾಕುವ ಜೀವಿ ಅದು. ಒಂದು ಹೋದರೂ ಲೆಕ್ಕಕ್ಕೆ ಬರುತ್ತದೆ.

ನೋಟ್‌ಬುಕ್ಕಿನಲ್ಲಿ ಬಲೆ ನೋಡಿದ ಹೊತ್ತು ಬರೆಯುವ ಜಾಗ ಇರುತ್ತದೆ. ಅವಳು ನಿಜವಾದ ಹೊತ್ತನ್ನೇ ಬರೆದಳು. ಬೇರೆ ಬರೆದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಈ ಹುಡುಗಿಯ ಬಗ್ಗೆ ತಾಯಿ ನೆಂಟರಿಗೆ ಹೇಳಬಹುದಾದ ವಿಷಯವೇನಾದರೂ ಇದ್ದರೆ ಅದು ಸ್ವೆಟರಿಗಿಂತ ಮೊದಲು ಇದೇ.

ಆಮೇಲೆ ಎರಡು ತಿಂಗಳು ಕಡ್ಡಿ ಮುಟ್ಟಲಿಲ್ಲ. ರಜೆಗೆ ಮನೆಗೆ ಬಂದಾಗ ತಾಯಿ ಗಮನಿಸಿದರು.

"ಯಾಕೇ, ಅಜ್ಜಿ ಸ್ವೆಟರು ಅರ್ಧಕ್ಕೇ ನಿಲ್ಲಿಸಿಬಿಟ್ಟೆ?"

"ಟೈಮಿಲ್ಲ ಅಮ್ಮ."

"ಟೈಮಿಲ್ಲದವಳು ಹೀಗೆ ಗೋಡೆ ನೋಡ್ತಾ ಕೂತಿರ್ತೀಯಲ್ಲ?"

ಹವ್ಯಾಸ ಬಿಟ್ಟರೆ ಓದಿಗೆ ಹೊತ್ತು ಸಿಗುತ್ತದೆ ಎಂದು ನಂಬುವ ತಂದೆತಾಯಿಗಳು ಬಹಳ. ಪರೀಕ್ಷೆ ಬಂತೆಂದರೆ ವೀಣೆ ಗವುಸಿಗೆ, ಬ್ಯಾಟು ಅಟ್ಟಕ್ಕೆ. ಸಿಕ್ಕ ಹೊತ್ತು ಓದಿಗೇ ಹೋಗುತ್ತದೆಯೇ ಎಂದು ಯಾರೂ ಲೆಕ್ಕ ಇಟ್ಟಂತಿಲ್ಲ. ಈ ಹುಡುಗಿಯ ವಿಷಯದಲ್ಲಂತೂ ಅದು ಗೋಡೆಗೆ ಹೋಯಿತು.

ದಾರಿ ಸಿಕ್ಕಿದ್ದು ತಂಡದ ಹಿರಿಯ ವಿದ್ಯಾರ್ಥಿನಿಯೊಬ್ಬರ ಪೆಟ್ಟಿಗೆಯಲ್ಲಿ. ಕ್ಯಾಲಿಪರ್, ತಕ್ಕಡಿ, ಪೆನ್ಸಿಲ್ ನಡುವೆ ಒಂದು ಸಣ್ಣ ಕ್ರೋಶಾ ಕಡ್ಡಿ ಇತ್ತು. "ಅಕ್ಕಾ, ನೀವೂ ಹೆಣೀತೀರಾ?" ಎಂದು ಕೇಳಿದಳು. "ಇಲ್ಲಪ್ಪ, ನಂಗೆ ಬರಲ್ಲ. ಹಲ್ಲಿನ ಸಂದಿಗೆ ಸಿಕ್ಕಿದ ದಾರ ಬಿಡಿಸೋಕೆ ಇದು." ನಿಜಕ್ಕೂ ಬಾವಲಿ ಹಿಡಿಯುವವರಲ್ಲಿ ಅನೇಕರು ಈ ಕೊಕ್ಕೆಕಡ್ಡಿಯನ್ನು ಜೇಬಿನಲ್ಲಿ ಇಟ್ಟುಕೊಳ್ಳುತ್ತಾರೆ. ಬೆರಳು ಹೋಗದ ಕಡೆ ಅದರ ತುದಿ ಹೋಗುತ್ತದೆ. ಬಿಡಿಸುವ ಕ್ರಮವೂ ಹೆಣೆಯುವವರಿಗೆ ಹೊಸದಲ್ಲ. ಬಾವಲಿ ಬಲೆಯ ಯಾವ ಮಗ್ಗುಲಿನಿಂದ ಬಂತು ಎಂದು ಮೊದಲು ನೋಡಬೇಕು, ಆ ಮಗ್ಗುಲಿನಿಂದಲೇ ಶುರು ಮಾಡಬೇಕು, ಕೊನೆಗೆ ಸಿಕ್ಕಿಕೊಂಡಿದ್ದನ್ನು ಮೊದಲು ಬಿಡಿಸಬೇಕು. ಜಾರಿದ ಕುಣಿಕೆಯನ್ನು ಹುಡುಕಿ ಮೇಲಕ್ಕೆ ತರುವ ಕೈಗೆ ಇದು ಬೇಗ ಬಂತು. ಬೇಸಿಗೆಯ ಹೊತ್ತಿಗೆ ಗೋಜಲು ಹೆಚ್ಚಿದ್ದರೆ ತಂಡದಲ್ಲಿ ಅವಳನ್ನು ಕರೆಯುವಂತಾಯಿತು. ಬಾವಲಿಗಳ ಗಣಕ್ಕೆ ವಿಜ್ಞಾನಿಗಳು ಇಟ್ಟಿರುವ ಕೈರಾಪ್ಟೆರಾ ಎಂಬ ಹೆಸರಿಗೆ ಗ್ರೀಕಿನಲ್ಲಿ ಕೈಯೇ ರೆಕ್ಕೆಯಾದದ್ದು ಎಂದರ್ಥ. ನಮ್ಮ ಹಾಗೆಯೇ ಹೆಬ್ಬೆರಳು, ನಾಲ್ಕು ಉದ್ದ ಬೆರಳು, ನಡುವೆ ತೆಳ್ಳನೆ ತೊಗಲು. ಬೆರಳಿನಿಂದ ಬೆರಳನ್ನು ಬಿಡಿಸುವ ಕೆಲಸ.

ಹಾಗೆಂದು ಎರಡೂ ಒಂದೇ ಎಂದು ಹಿಗ್ಗುವಂತಿಲ್ಲ. ಒಮ್ಮೆ ತಾಯಿಯಿಂದ ಬೇರೆಯಾದ ಮರಿಯೊಂದು ಸಿಕ್ಕಾಗ ಅವಳು ಬೆಚ್ಚಗಿರಲಿ ಎಂದು ಉಲ್ಲನ್ ಚೀಲ ಹೆಣೆದು ತಂದಳು. ಹಿರಿಯರು ಅದನ್ನು ಮುಟ್ಟಗೊಡಲಿಲ್ಲ. ಬಾವಲಿಯ ಉಗುರು ಕೊಕ್ಕೆಯ ಹಾಗೆ; ಹೆಣಿಗೆಯ ಕುಣಿಕೆಗೆ ಸಿಕ್ಕರೆ ಬೆರಳು ಮುರಿದೀತು. ಅದಕ್ಕೇ ಬಾವಲಿ ಹಾಕುವ ಹತ್ತಿ ಚೀಲದ ಹೊಲಿಗೆಯ ಅಂಚು ಕೂಡ ಹೊರಮಗ್ಗುಲಿಗಿರುತ್ತದೆ. 2019-20ರಲ್ಲಿ ಆಸ್ಟ್ರೇಲಿಯಾದ ಕಾಡುಗಳು ಹೊತ್ತಿ ಉರಿದಾಗ ಸುಟ್ಟ ಪ್ರಾಣಿಗಳಿಗೆಂದು ಜಗತ್ತಿನೆಲ್ಲೆಡೆಯಿಂದ ಹೆಣೆದ, ಹೊಲಿದ ಚೀಲಗಳು ರಾಶಿ ಬಿದ್ದವು. ಕೊನೆಗೆ ಸಾಕು, ಇನ್ನು ಕಳಿಸಬೇಡಿ ಎಂದು ಕೇಳಿಕೊಳ್ಳಬೇಕಾಯಿತು. ಉಲ್ಲನ್ನಿಗೆ ಇನ್ನೊಂದು ಸಂಕಟವೂ ಉಂಟು. 2006ರಲ್ಲಿ ನ್ಯೂಯಾರ್ಕ್ ರಾಜ್ಯದ ಗುಹೆಯೊಂದರಲ್ಲಿ ಮೊದಲು ಕಂಡ ಬೂಷ್ಟು ರೋಗ ಅಮೆರಿಕದಲ್ಲಿ ಲಕ್ಷಗಟ್ಟಲೆ ಬಾವಲಿಗಳನ್ನು ಕೊಂದಿತು. ಮನುಷ್ಯರ ಬಟ್ಟೆ, ಬೂಟುಗಳೂ ಬೂಷ್ಟಿನ ಬೀಜಕಣಗಳನ್ನು ಒಂದು ಗುಹೆಯಿಂದ ಇನ್ನೊಂದಕ್ಕೆ ಒಯ್ಯಬಲ್ಲವು. ಆದ್ದರಿಂದ ಅಲ್ಲಿ ಗುಹೆಗಿಳಿದವರು ಬಟ್ಟೆಯನ್ನು 55 ಡಿಗ್ರಿ ಬಿಸಿನೀರಿನಲ್ಲಿ ಇಪ್ಪತ್ತು ನಿಮಿಷ ಅದ್ದಿಡುತ್ತಾರೆ. ಅಜ್ಜಿಯ ಸ್ವೆಟರನ್ನು ಹಾಗೆ ಅದ್ದಿದರೆ ಅದು ತೊಟ್ಟಿಲ ಮಗುವಿಗೆ ಆದೀತು.

ಕೊನೆಗೆ ಹುಡುಗಿ ಒಂದೇ ನಿಯಮ ಮಾಡಿಕೊಂಡಳು: ಬಲೆ ಬಿಚ್ಚಿರುವಾಗ ಕಡ್ಡಿ ಹೊರಗೆ ಬರುವುದಿಲ್ಲ. ಬಲೆ ಸುತ್ತಿಟ್ಟ ಮೇಲೆ, ಹಾಸ್ಟೆಲಿನ ದೀಪದ ಕೆಳಗೆ, ನಿದ್ದೆ ಬರುವವರೆಗೆ ನಾಲ್ಕು ಸಾಲು. ದಿನಕ್ಕೆ ಇಷ್ಟು ಗಂಟೆ ಇದಕ್ಕೆ, ಇಷ್ಟು ಅದಕ್ಕೆ ಎಂದು ಗೋಡೆಗೆ ಅಂಟಿಸುವ ವೇಳಾಪಟ್ಟಿ ಅವಳಿಗೆ ಕೆಲಸಕ್ಕೆ ಬರಲಿಲ್ಲ. ಹಂಚುವ ಕೆಲಸವನ್ನು ಮಲೆನಾಡಿನ ಕಾಲಮಾನವೇ ಮಾಡಿತು. ಬೆಳುದಿಂಗಳಿನಲ್ಲಿ ಬಲೆ ಬಾವಲಿಗೆ ಕಾಣುತ್ತದೆ, ಕೆಲವು ಜಾತಿಗಳು ಹೊರಗೆ ಸುಳಿಯುವುದೂ ಕಡಿಮೆ. ಹುಣ್ಣಿಮೆಯ ಆಸುಪಾಸಿನ ರಾತ್ರಿಗಳು ಉಲ್ಲನ್ನಿಗೆ. ಮಳೆಯಲ್ಲಿ ಬಲೆ ಕಟ್ಟುವಂತೆಯೇ ಇಲ್ಲ, ನೆನೆದ ಬಾವಲಿ ಚಳಿಗೆ ಸಾಯುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಂಕಿ-ಅಂಶ ಜೋಡಿಸುವುದು, ಹೆಣೆಯುವುದು.

ಅವಳಿಗೆ ಹೆಣಿಗೆ ಯಾಕೆ ಬೇಕು ಎಂಬುದೂ ಆ ಎರಡು ತಿಂಗಳಲ್ಲಿ ಗೊತ್ತಾಗಿತ್ತು. ಬಾವಲಿಯ ಕೆಲಸದಲ್ಲಿ ತಪ್ಪಿದರೆ ಆ ರಾತ್ರಿ ಹೋಯಿತು, ಕೆಲವೊಮ್ಮೆ ಒಂದು ಜೀವವೂ. ಹೆಣಿಗೆಯಲ್ಲಿ ತಪ್ಪಿದರೆ ದಾರ ಎಳೆದು ಬಿಚ್ಚಿ ಮತ್ತೆ ಶುರು ಮಾಡಬಹುದು; ಹೋದದ್ದು ಹೊತ್ತು ಮಾತ್ರ. ಇಡೀ ದಿನ ತಪ್ಪಬಾರದ ಕೆಲಸ ಮಾಡುವ ಮಕ್ಕಳಿಗೆ ತಪ್ಪಬಹುದಾದ ಒಂದು ಜಾಗ ಬೇಕು. ಡಾಕ್ಟರಿಕೆ ಓದುವವರಿಗೂ ಇದು ಹೊಂದುತ್ತದೆ.

ತಂದೆತಾಯಿಗಳ ಭಯ ಬೇರೆ, ಅದು ಸುಳ್ಳೂ ಅಲ್ಲ. ಈ ಹುಡುಗಿಯ ತಂದೆ ಮೊದಲು ಹೋಗಲೇಬೇಡ ಎಂದರು. ಆಮೇಲೆ ಒಂದು ರಾತ್ರಿ ತಾವೇ ಜೊತೆಗೆ ಹೋಗಿ ಕೂತರು. ಯಾರು ಸಂಗಡ ಇರುತ್ತಾರೆ, ವಾಪಸು ಬರಲು ಗಾಡಿ ಇದೆಯೇ, ಅರಣ್ಯ ಇಲಾಖೆಯ ಅನುಮತಿ ಪತ್ರ ಕೈಯಲ್ಲಿದೆಯೇ, ರೇಬೀಸ್ ಲಸಿಕೆ ಮುಂಚೆಯೇ ಹಾಕಿಸಿಕೊಂಡಿದ್ದಾರೆಯೇ ಎಂದು ಕೇಳಿ ತಿಳಿದುಕೊಂಡರು. ಕೇಳಬೇಕಾದ ಪ್ರಶ್ನೆಗಳು ಇವೇ. 2018ರಲ್ಲಿ ಕೇರಳದ ಕೋಯಿಕ್ಕೋಡಿನಲ್ಲಿ ನಿಪಾ ಬಂದ ಮೇಲೆ ಬಾವಲಿ ಎಂದರೆ ಜನ ಇನ್ನಷ್ಟು ಹೆದರುತ್ತಾರೆ. ಆ ವೈರಾಣು ದೊಡ್ಡ ಹಣ್ಣುಬಾವಲಿಗಳಲ್ಲಿ ಇರುವುದು ನಿಜ. ಅದಕ್ಕೇ ಕೆಲಸ ಮಾಡುವವರು ಕೈಗವಸು, ಮುಖಗವಸು ಬಿಡುವುದಿಲ್ಲ. ಓದುಗ ಮಕ್ಕಳು ಮಾತ್ರ ನೆಲಕ್ಕೆ ಬಿದ್ದ ಬಾವಲಿಯನ್ನು ಬರಿಗೈಯಲ್ಲಿ ಮುಟ್ಟುವ ಸಾಹಸಕ್ಕೆ ಹೋಗಬಾರದು. ಆಸಕ್ತಿ ಇದ್ದವರಿಗೆ ಓದುವ ದಾರಿಗಳಿವೆ: ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯ, ಬೆಂಗಳೂರಿನ ಎನ್.ಸಿ.ಬಿ.ಎಸ್., ಡೆಹ್ರಾಡೂನಿನ ವನ್ಯಜೀವಿ ಸಂಸ್ಥೆ. ಪ್ರವೇಶ ಯಾವ ವರ್ಷ ಇದೆ, ಪರೀಕ್ಷೆ ಯಾವಾಗ ಎಂದು ಪದವಿಯ ಎರಡನೆಯ ವರ್ಷದಲ್ಲೇ ವಿಚಾರಿಸಿಕೊಳ್ಳುವುದು ಒಳ್ಳೆಯದು.

ಮೊನ್ನೆಯ ಮಳೆಗಾಲದಲ್ಲಿ ಹುಡುಗಿ ಬಲೆಗಳನ್ನು ತೊಳೆದು ಒಣಗಿಸಲು ಮನೆಗೆ ತಂದಿದ್ದಳು. ಸ್ವೆಟರಿನ ಎಡತೋಳು ಇನ್ನೂ ಬಾಕಿ. ಜಗಲಿಯಲ್ಲಿ ಅಜ್ಜಿ ಬಲೆಯನ್ನು ತೊಡೆಯ ಮೇಲೆ ಹರವಿಕೊಂಡು, ಕನ್ನಡಕ ಮೂಗಿನ ತುದಿಗೆ ಇಳಿಸಿ, ಕ್ರೋಶಾ ಕಡ್ಡಿಯಲ್ಲಿ ಹರಿದ ಕಣ್ಣುಗಳನ್ನು ಒಂದೊಂದಾಗಿ ಮುಚ್ಚುತ್ತಿದ್ದರು.

"ಇಷ್ಟು ದೊಡ್ಡ ತೂತು ಯಾವ ಬಾವಲಿದೇ?"

"ಅದು ಬಾವಲಿದಲ್ಲ ಅಜ್ಜಿ, ಕತ್ತರಿದು. ಜನವರಿದು."

ಅಜ್ಜಿ ಮತ್ತೇನೂ ಕೇಳಲಿಲ್ಲ, ಇನ್ನೊಂದು ಎಳೆ ಕೊಡು ಎಂದು ಕೈ ಚಾಚಿದರು.