ಗಣಕದ ಬುತ್ತಿಯೂ ನಮ್ಮ ಕನ್ನಡವೂ

ಸುವರ್ಣ ಮಹೋತ್ಸವದ ಈ ಸಂದರ್ಭದಲ್ಲಿ ನಮ್ಮ ಹಳೆಯ ವಿದ್ಯಾರ್ಥಿಗಳು ಶಾಲೆಗೆ ಗಣಕಯಂತ್ರಗಳನ್ನು ಕೊಡುಗೆಯಾಗಿ ನೀಡಲು ಮುಂದೆ ಬಂದಿರುವುದು ತಾಳವಾಡಿ ಸೀಮೆಯ ಕನ್ನಡಿಗರೆಲ್ಲರೂ ಹೆಮ್ಮೆಪಡತಕ್ಕ ಸಂಗತಿ. ದಾನಿಗಳಿಗೆ ಕೃತಜ್ಞತೆಯನ್ನು ಸಲ್ಲಿಸುತ್ತಲೇ, ಹಿರಿಯನೆಂಬ ಸಲಿಗೆಯಿಂದ ಒಂದು ಮಾತನ್ನು ಅರಿಕೆ ಮಾಡಿಕೊಳ್ಳುತ್ತೇನೆ. ಯಂತ್ರ ಬಂದ ಮಾತ್ರಕ್ಕೆ ಅದರೊಳಗೆ ಕನ್ನಡ ಬಂದಂತಾಗುವುದಿಲ್ಲ. ಪೆಟ್ಟಿಗೆಗಳನ್ನು ದಿಂಬಂ ಘಾಟಿಯ 27 ತಿರುವುಗಳನ್ನು ಹತ್ತಿಸಿ ತಂದು ಇಳಿಸುವುದು ಒಂದು ದಿನದ ಕೆಲಸ. ಅವುಗಳಲ್ಲಿ ನಮ್ಮ ಮಕ್ಕಳು ವರ್ಷಾನುಗಟ್ಟಲೆ ಕನ್ನಡವನ್ನು ಬರೆಯುವಂತೆ ಮಾಡುವುದು ಬೇರೆಯೇ ಕೆಲಸ.

ಕನ್ನಡ ಮಾಧ್ಯಮದಲ್ಲಿ ಮೆಟ್ರಿಕ್ ಓದಿದ ನನಗೆ ಗಣಕದ ವಿದ್ಯೆ ಇಳಿವಯಸ್ಸಿನಲ್ಲಿ ಶಿಷ್ಯರಿಂದಲೇ ದೊರೆತದ್ದು. ‘ಶಾಸ್ತ್ರ’ ಎಂಬ ಒಂದು ಪದವನ್ನು ತೆಗೆದುಕೊಳ್ಳೋಣ. ಮುಕ್ತ ತಂತ್ರಾಂಶವಾದ ಲಿನಕ್ಸ್‌ನಲ್ಲಿ ಇದನ್ನು ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸದಲ್ಲಿ ಒತ್ತಬೇಕಾದರೆ ಐಬಸ್ ಎಂಬ ತಂತ್ರಾಂಶ ಬೇಕು. ಅದಕ್ಕೆ ಎಂ17ಎನ್ ಎಂಬ ಜೋಡಣೆ ಬೇಕು. ಆ ಜೋಡಣೆಗೆ ಅದೇ ಹೆಸರಿನ ಲೈಬ್ರರಿ ಬೇಕು. ಆ ಲೈಬ್ರರಿಗೆ ಯಾವ ಕೀಲಿಗೆ ಯಾವ ಅಕ್ಷರವೆಂದು ಬರೆದಿಟ್ಟ ಕಡತ ಬೇಕು. ಇಷ್ಟಾದರೂ ಅಕ್ಷರವು ತೆರೆಯ ಮೇಲೆ ಮೂಡಬೇಕಾದರೆ ಕನ್ನಡ ಫಾಂಟ್ ಇರಬೇಕು. ‘ಸ’ಕಾರದ ಕೆಳಗೆ ತಕಾರ ರಕಾರಗಳ ಒತ್ತು ಸರಿಯಾಗಿ ಕುಳಿತುಕೊಳ್ಳಲು ಹಾರ್ಫ್‌ಬಜ್‌ನಂತಹ ಮತ್ತೊಂದು ತಂತ್ರಾಂಶವಿರಬೇಕು. ಇವುಗಳಲ್ಲಿ ಒಂದು ತಪ್ಪಿದರೂ ಚೌಕಗಳು ಕಾಣುತ್ತವೆ, ಇಲ್ಲವೆ ಒತ್ತಕ್ಷರವು ಒಡೆದು ಪಕ್ಕದಲ್ಲಿ ನಿಲ್ಲುತ್ತದೆ. ಹೀಗೆ ಒಂದು ಮತ್ತೊಂದನ್ನು ನೆಚ್ಚಿಕೊಂಡಿರುವುದನ್ನೇ ಗಣಕದವರು ಅವಲಂಬನೆ ಎಂದು ಕರೆಯುತ್ತಾರೆ.

ಅವಲಂಬನೆಯನ್ನು ಅಲಕ್ಷಿಸಿದರೆ ಏನಾಗುತ್ತದೆಂಬುದಕ್ಕೆ ನಿದರ್ಶನವನ್ನು ದೂರ ಹುಡುಕಬೇಕಾಗಿಲ್ಲ. 1998ರಲ್ಲಿ ‘ಬರಹ’ವೂ ಅದರ ಹಿಂದೆಯೇ ಕನ್ನಡ ಗಣಕ ಪರಿಷತ್ತಿನ ‘ನುಡಿ’ಯೂ ಬಂದು ಕನ್ನಡಕ್ಕೆ ಮಾಡಿದ ಉಪಕಾರ ಅಪಾರವಾದುದು. ಆದರೆ ಅಂದಿನ ಪದ್ಧತಿಯಲ್ಲಿ ಕಡತದೊಳಗೆ ಇರುತ್ತಿದ್ದುದು ಇಂಗ್ಲಿಷ್ ಸಂಕೇತಗಳು. ಅವುಗಳಿಗೆ ಕನ್ನಡದ ವೇಷ ತೊಡಿಸುತ್ತಿದ್ದುದು ಆಯಾ ಫಾಂಟ್. ಕಡತದೊಡನೆ ಫಾಂಟ್ ಪ್ರಯಾಣ ಮಾಡುತ್ತಿರಲಿಲ್ಲ. ನಮ್ಮ ರಜತ ಮಹೋತ್ಸವದ ಕಾಲದಲ್ಲಿ ಬೆರಳಚ್ಚಾದ ಹಳೆಯ ವಿದ್ಯಾರ್ಥಿಗಳ ಪಟ್ಟಿಯನ್ನು ಈ ಸಂಚಿಕೆಗಾಗಿ ತೆರೆದಾಗ ಕಂಡದ್ದು ರೋಮನ್ ಅಕ್ಷರಗಳೂ ಪ್ರಶ್ನಾರ್ಥಕ ಚಿಹ್ನೆಗಳೂ ಮಾತ್ರ. ಯುನಿಕೋಡ್‌ಗೆ ಮಾರ್ಪಡಿಸುವ ತಂತ್ರಾಂಶವನ್ನು ಕನ್ನಡದ ತರುಣರು ಮುಕ್ತವಾಗಿ ಒದಗಿಸಿದ್ದರಿಂದ ಹೆಸರುಗಳು ಮರಳಿ ಬಂದವು. ಕೆಲವು ಅರ್ಕಾವತ್ತುಗಳನ್ನು ಮಾತ್ರ ಕೈಯಿಂದ ತಿದ್ದಬೇಕಾಯಿತು.

ಇನ್ನು ನಮ್ಮ ಮಕ್ಕಳ ಕೈಯಲ್ಲಿರುವುದು ಒಂದೇ ಬಗೆಯ ಯಂತ್ರವಲ್ಲ. ಮನೆಯ ಗಣಕದಲ್ಲಿ ವಿಂಡೋಸ್, ಫೋನಿನಲ್ಲಿ ಆಂಡ್ರಾಯ್ಡ್. ತಮಿಳುನಾಡು ಸರ್ಕಾರವು 2011ರಲ್ಲಿ ಆರಂಭಿಸಿದ ಉಚಿತ ಲ್ಯಾಪ್‌ಟಾಪ್ ಯೋಜನೆಯಲ್ಲಿ ವಿಂಡೋಸ್‌ನೊಂದಿಗೆ ಸಿ-ಡ್ಯಾಕ್ ಸಂಸ್ಥೆಯ ಬಾಸ್ ಲಿನಕ್ಸ್ ಕೂಡ ಬಂದಿತ್ತು. ಒಂದೇ ಪ್ರಬಂಧವು ಎಲ್ಲದರಲ್ಲಿಯೂ ಒಂದೇ ರೀತಿ ಕಾಣಬೇಕೆಂಬುದು ಉಪಾಧ್ಯಾಯರ ಸಹಜ ಅಪೇಕ್ಷೆ. ಲಿಬ್ರೆಆಫೀಸ್ ತಂತ್ರಾಂಶವು ಬಹುಕಾಲ ವಿಂಡೋಸ್‌ನಲ್ಲಿ ಒಂದು, ಲಿನಕ್ಸ್‌ನಲ್ಲಿ ಇನ್ನೊಂದು ಅಕ್ಷರ ಜೋಡಣೆಯ ಸಾಧನವನ್ನು ಬಳಸುತ್ತಿತ್ತು. 2017ರಲ್ಲಿ ಬಂದ 5.3ನೆಯ ಆವೃತ್ತಿಯಿಂದ ಎಲ್ಲೆಡೆಯೂ ಹಾರ್ಫ್‌ಬಜ್ ಒಂದನ್ನೇ ಇಟ್ಟುಕೊಂಡಿತು. ಕಣ್ಣಿಗೆ ಬೀಳದ ಇಂತಹ ಬದಲಾವಣೆಯಿಂದ ಕನ್ನಡಕ್ಕಾದ ಪ್ರಯೋಜನವು ಹತ್ತು ಭಾಷಣಗಳಿಂದ ಆಗುವಂಥದಲ್ಲ.

ತಂತ್ರಾಂಶವನ್ನು ಪೊಟ್ಟಣ ಕಟ್ಟುವಲ್ಲಿ ಎರಡು ಮತಗಳಿವೆ. 1993ರಲ್ಲಿ ಇಯಾನ್ ಮರ್ಡಾಕ್ ಆರಂಭಿಸಿದ ಡೆಬಿಯನ್‌ನ ಮಾರ್ಗ ಒಂದು. ಅಲ್ಲಿ 60 ಸಾವಿರಕ್ಕೂ ಮಿಕ್ಕ ಪೊಟ್ಟಣಗಳ ಸಾರ್ವಜನಿಕ ಭಂಡಾರವಿದೆ. ಪ್ರತಿಯೊಂದು ಪೊಟ್ಟಣದ ಮೇಲೂ ತನಗೆ ಮತ್ತಾವುದು ಬೇಕೆಂಬ ಚೀಟಿ ಅಂಟಿರುತ್ತದೆ; ಒಂದನ್ನು ಕೇಳಿದರೆ ಅದರ ಬಂಧುಬಳಗವೆಲ್ಲ ತಾನಾಗಿ ಬರುತ್ತದೆ. ಎರಡನೆಯದು ಬುತ್ತಿಯ ಮಾರ್ಗ. ಪ್ರಯಾಣಿಕನು ಅನ್ನ, ಪಲ್ಯ, ಉಪ್ಪು, ನೀರು ಎಲ್ಲವನ್ನೂ ತಾನೇ ಹೊತ್ತು ಬರುವಂತೆ, ತಂತ್ರಾಂಶವು ತನ್ನ ಲೈಬ್ರರಿಗಳನ್ನೆಲ್ಲ ಜೊತೆಗೇ ಕಟ್ಟಿಕೊಂಡು ಬರುತ್ತದೆ. ಆಪ್‌ಇಮೇಜ್ ಹೀಗೆಯೇ, ಸ್ನ್ಯಾಪ್, ಫ್ಲಾಟ್‌ಪ್ಯಾಕ್‌ಗಳೂ ಬಹುಮಟ್ಟಿಗೆ ಹೀಗೆಯೇ. ವಿಂಡೋಸ್‌ಗಾಗಿ ಸಿದ್ಧಪಡಿಸುವಾಗ ಇದೇ ರೂಢಿ.

ಬುತ್ತಿಯ ಅನುಕೂಲವನ್ನು ನಾನು ಅಲ್ಲಗಳೆಯುವುದಿಲ್ಲ. ಹಳೆಯ ಯಂತ್ರದಲ್ಲಿ ಹೊಸ ಪಾಠದ ತಂತ್ರಾಂಶವೊಂದನ್ನು ಒಮ್ಮೆ ತೋರಿಸಬೇಕಾದಾಗ ಅದೇ ಲೇಸು. ಆದರೆ ಸಂಪರ್ಕ ಜಾಲ ಬಂದು ಹೋಗುತ್ತಿರುವ ಬೆಟ್ಟದ ಶಾಲೆಗೆ ಇದೇ ನಿತ್ಯದ ಪದ್ಧತಿಯಾಗಬಾರದೆಂಬುದು ನನ್ನ ಅಭಿಪ್ರಾಯ. ಹತ್ತು ತಂತ್ರಾಂಶಗಳು ಒಂದೇ ಲೈಬ್ರರಿಯ ಹತ್ತು ಪ್ರತಿಗಳನ್ನು ಹೊತ್ತು ತಂದರೆ ಇಳಿಸಿಕೊಳ್ಳುವುದೂ ಹತ್ತು ಪಟ್ಟು, ಹಾರ್ಡ್‌ಡಿಸ್ಕಿನ ಸ್ಥಳವೂ ಹತ್ತು ಪಟ್ಟು. ಆ ಲೈಬ್ರರಿಯಲ್ಲಿ ದೋಷ ಕಂಡುಬಂದರೆ ಭಂಡಾರದ ಮಾರ್ಗದಲ್ಲಿ ಒಂದೆಡೆ ತಿದ್ದಿದರೆ ಸಾಕು. ಬುತ್ತಿಗಳಲ್ಲಾದರೆ ಪ್ರತಿಯೊಂದನ್ನೂ ಬಿಚ್ಚಿ ನೋಡಬೇಕು. ಹಳಸಿದ್ದು ಎಷ್ಟರೊಳಗೆ ಉಳಿದಿದೆಯೋ ಬಲ್ಲವರಾರು?

ಭಂಡಾರಗಳೂ ನಿರಪಾಯವಲ್ಲ. 2016ರ ಮಾರ್ಚ್‌ನಲ್ಲಿ ಎನ್‌ಪಿಎಂ ಎಂಬ ಭಂಡಾರದಿಂದ ಕೇವಲ 11 ಸಾಲುಗಳ ‘ಲೆಫ್ಟ್‌ಪ್ಯಾಡ್’ ಎಂಬ ಪೊಟ್ಟಣವನ್ನು ಅದರ ಕರ್ತೃವು ಹಿಂತೆಗೆದುಕೊಂಡಾಗ ಜಗತ್ತಿನಾದ್ಯಂತ ಸಾವಿರಾರು ತಂತ್ರಾಂಶಗಳ ಕಟ್ಟಡ ಕೆಲಸ ನಿಂತುಹೋಯಿತು. 2024ರಲ್ಲಿ ಎಕ್ಸ್‌ಝಡ್ ಎಂಬ ಸಣ್ಣ ಸಾಧನದೊಳಗೆ ಯಾರೋ ಕಳ್ಳಗಿಂಡಿಯನ್ನು ಕೊರೆದಿದ್ದರು. ಅದನ್ನು ವರ್ಷಗಳ ಕಾಲ ನೋಡಿಕೊಂಡಿದ್ದವರು ಬಹುಮಟ್ಟಿಗೆ ಒಬ್ಬರೇ, ಅದೂ ಸಂಬಳವಿಲ್ಲದೆ. ಲಾಗಿನ್ ಆಗಲು ಅರ್ಧ ಸೆಕೆಂಡು ಹೆಚ್ಚು ಹಿಡಿಯುತ್ತಿದೆಯೆಂದು ಗಮನಿಸಿದ ಆಂಡ್ರೆಸ್ ಫ್ರಾಯಿಂಡ್ ಎಂಬ ತಂತ್ರಜ್ಞರಿಂದ ಅನಾಹುತ ತಪ್ಪಿತು. ಬೇರೆಯವರ ಬಿಟ್ಟಿ ದುಡಿಮೆಯ ಮೇಲೆ ನಿಂತ ವ್ಯವಸ್ಥೆಯಲ್ಲಿ ನಾವು ಬರಿಯ ಉಣ್ಣುವವರಾಗಿಯೇ ಉಳಿಯುವುದು ಭೂಷಣವಲ್ಲ.

ಆದುದರಿಂದ ಬೆಂಗಳೂರು, ಕೊಯಮತ್ತೂರುಗಳಲ್ಲಿ ತಂತ್ರಾಂಶ ವೃತ್ತಿಯಲ್ಲಿರುವ ನಮ್ಮ ಶಿಷ್ಯವರ್ಗಕ್ಕೆ ನನ್ನ ಕೋರಿಕೆ ಇದು. ಇಪ್ಪತ್ತು ಯಂತ್ರಗಳ ಬದಲು ಹದಿನೈದನ್ನು ಕೊಡಿರಿ. ಉಳಿದುದನ್ನು ನಿಮ್ಮ ಸಮಯದ ರೂಪದಲ್ಲಿ ಕೊಡಿರಿ. ಡೆಬಿಯನ್‌ನಲ್ಲಿ ಕನ್ನಡ ಫಾಂಟ್‌ಗಳಿಗಾಗಿ ಒಂದು ವಿಶೇಷ ಪೊಟ್ಟಣವಿದೆ. ಅದರೊಳಗೆ ಫಾಂಟ್ ಒಂದೂ ಇಲ್ಲ, ಚೀಟಿ ಮಾತ್ರ ಇದೆ. ಅದನ್ನು ಕೇಳಿದರೆ ಲೋಹಿತ್, ಗುಬ್ಬಿ, ನವಿಲು ಮುಂತಾದ ಫಾಂಟ್‌ಗಳು ಬರುತ್ತವೆ. ಅದೇ ರೀತಿ ನಮ್ಮ ಶಾಲೆಗೊಂದು ಚೀಟಿಯ ಪೊಟ್ಟಣವನ್ನು ಸಿದ್ಧಪಡಿಸಬಾರದೇಕೆ? ಕೀಲಿಮಣೆ, ಫಾಂಟ್, ಲಿಬ್ರೆಆಫೀಸ್, ಮಕ್ಕಳ ಜಿಕಾಂಪ್ರಿಸ್ ಎಲ್ಲವೂ ಒಂದೇ ಆಜ್ಞೆಗೆ ಬರಲಿ. ವಿಂಡೋಸ್ ಇರುವ ಮನೆಗಳಿಗೆ ಅವೇ ಫಾಂಟ್‌ಗಳನ್ನೂ ಅದೇ ಕೀಲಿಮಣೆ ವಿನ್ಯಾಸವನ್ನೂ ಬುತ್ತಿ ಕಟ್ಟಿ ಕೊಡಿರಿ. ಮುಕ್ತ ಪರವಾನಗಿ ಇರುವುದರಿಂದ ಹಂಚಲು ಅಡ್ಡಿಯಿಲ್ಲ. ಕೇರಳದ ಶಾಲೆಗಳಿಗಾಗಿ ಕೈಟ್ ಸಂಸ್ಥೆಯು ಬೇಕಾದುದೆಲ್ಲವನ್ನೂ ಸೇರಿಸಿದ ಲಿನಕ್ಸ್ ಒಂದನ್ನೇ ಸಿದ್ಧಪಡಿಸಿ ಕೊಟ್ಟಿದೆ. ಕಾಸರಗೋಡಿನ ಕನ್ನಡ ಮಕ್ಕಳೂ ಅದರಲ್ಲಿಯೇ ಕಲಿಯುತ್ತಾರೆ. ಅಲ್ಲಿ ಸರ್ಕಾರ ಮಾಡಿದ್ದನ್ನು ಇಲ್ಲಿ ಹತ್ತು ಜನ ಹಳೆಯ ವಿದ್ಯಾರ್ಥಿಗಳು ಸಣ್ಣ ಪ್ರಮಾಣದಲ್ಲಿ ಮಾಡಬಲ್ಲರು.

ಜೊತೆಗೆ ಭಂಡಾರದಲ್ಲಿ ನಮಗೆ ಬೇಕಾದ ಭಾಗದ ನಕಲನ್ನು ಒಂದು ಡಿಸ್ಕಿನಲ್ಲಿ ಶಾಲೆಯಲ್ಲಿಯೇ ಇಟ್ಟು, ಬೇಸಗೆ ರಜೆಗೆ ಊರಿಗೆ ಬಂದಾಗಲೊಮ್ಮೆ, ದೀಪಾವಳಿಗೆ ಬಂದಾಗಲೊಮ್ಮೆ ಹೊಸದಾಗಿಸಿದರೆ ಜಾಲವಿಲ್ಲದ ದಿನವೂ ಪಾಠ ನಿಲ್ಲದು. ಡಿಸ್ಕನ್ನು ಇಡಲು ವಿಜ್ಞಾನ ಕೊಠಡಿಯ ಬೀರುವಿನಲ್ಲಿ ಒಂದು ಅರೆಯನ್ನು ತೆರವು ಮಾಡಿಸಲು ಈಗಿನ ಮುಖ್ಯೋಪಾಧ್ಯಾಯರು ಒಪ್ಪಿದ್ದಾರೆ.