ಸೂರ್ಯಾಸ್ತವೂ ಜಠರವೂ

ಸೂರ್ಯನು ಮುಳುಗಿದೊಡನೆ ಜಠರದ ಬಾಗಿಲು ಮುಚ್ಚುತ್ತದೆ, ಆ ಬಳಿಕ ಉಂಡ ಅನ್ನವು ಬೆಳಗಿನವರೆಗೆ ಒಳಗೇ ಕೊಳೆಯುತ್ತದೆ ಎಂಬ ಮಾತು ಚಾತುರ್ಮಾಸದ ಉಪನ್ಯಾಸಗಳಲ್ಲಿಯೂ ಕರಪತ್ರಗಳಲ್ಲಿಯೂ ಮತ್ತೆಮತ್ತೆ ಕೇಳಿಬರುತ್ತದೆ. ರಾತ್ರಿಭೋಜನ ತ್ಯಾಗಕ್ಕೆ ಇದೇ 'ವೈಜ್ಞಾನಿಕ' ಆಧಾರವಂತೆ! ವ್ರತವು ಶ್ರೇಷ್ಠವಾದುದು, ಆಧಾರ ಮಾತ್ರ ಸುಳ್ಳು.

ನುಂಗಿದ ತುತ್ತು ಅನ್ನನಾಳದ ಅಲೆಯಂತಹ ಸಂಕೋಚನದಿಂದ ಕೆಲವೇ ಕ್ಷಣಗಳಲ್ಲಿ ಜಠರವನ್ನು ಸೇರುತ್ತದೆ. ಅಲ್ಲಿ ಆಮ್ಲ, ಪೆಪ್ಸಿನ್‌ಗಳೊಡನೆ ಕಡೆಯಲ್ಪಟ್ಟು ಗಂಜಿಯಂತಾಗಿ ಸ್ವಲ್ಪಸ್ವಲ್ಪವೇ ಸಣ್ಣಕರುಳಿಗೆ ಇಳಿಯುತ್ತದೆ. ಸಾಧಾರಣ ಊಟವೊಂದು ಜಠರವನ್ನು ಬಿಡಲು ಸುಮಾರು 4 ಗಂಟೆ ಬೇಕು. ತುಪ್ಪ, ಎಣ್ಣೆ ಹೆಚ್ಚಾದರೆ ಇನ್ನೂ ತಡ. ಸುಮಾರು 6 ಮೀಟರ್ ಉದ್ದದ ಸಣ್ಣಕರುಳಿನಲ್ಲಿ ಪಿತ್ತರಸವೂ ಮೇದೋಜೀರಕ ರಸವೂ ಕೂಡಿ, ಸಾರವು ರಕ್ತಗತವಾಗಲು ಮತ್ತೆ ಹಲವು ಗಂಟೆಗಳು. ದೊಡ್ಡಕರುಳಿನ ಪಯಣವಂತೂ ಒಂದು ದಿನವನ್ನು ಮೀರುವುದುಂಟು. ಹಾಗಿರಲು, ಸಂಜೆ 5ಕ್ಕೆ ಉಂಡ ಶ್ರಾವಕನ ಅನ್ನವು ರಾತ್ರಿ 7ಕ್ಕೆ ಜಠರದಲ್ಲಿಯೇ ಇರುತ್ತದೆ. ಸೂರ್ಯಾಸ್ತದೊಡನೆ ಜೀರ್ಣಕ್ರಿಯೆ ನಿಲ್ಲುವುದಾದರೆ ವ್ರತಧಾರಿಯ ಊಟವೂ ಕೊಳೆಯಬೇಕಷ್ಟೆ!

ಇರುಳಿನಲ್ಲಿ ಜಠರವು ಹಗಲಿಗಿಂತ ನಿಧಾನವಾಗಿ ಬರಿದಾಗುವುದು ನಿಜ. ಉಂಡೊಡನೆ ಮಲಗಿದರೆ ಆಮ್ಲವು ಅನ್ನನಾಳಕ್ಕೆ ಏರಿ ಎದೆಯುರಿ ತರುವುದೂ ನಿಜ. ಆದರೆ ಆರೋಗ್ಯವೇ ಕಾರಣವೆಂದಾದಲ್ಲಿ, 8ಕ್ಕೆ ಉಂಡು 11ರವರೆಗೆ ಎಚ್ಚರವಿರುವವನಿಗೆ ದೋಷವೇ ಇಲ್ಲವೆಂದಾಯಿತು. ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ರಾತ್ರಿಭೋಜನವನ್ನು ವಿಚಾರಿಸಿದ್ದು ಹಿಂಸೆಯ ಪ್ರಕರಣದಲ್ಲಿ. ದೀಪ ಹಚ್ಚಿದರೂ ಅನ್ನದಲ್ಲಿ ಬೆರೆತ ಸೂಕ್ಷ್ಮಜೀವಿಗಳ ಹಿಂಸೆ ತಪ್ಪದು ಎಂಬುದು ಅವರ ವಾದ. ಹೃದಯಕಮಲ, ನಾಭಿಕಮಲಗಳು ಸಂಕೋಚಗೊಳ್ಳುವ ಮಾತು ಹೇಮಚಂದ್ರಾಚಾರ್ಯರ ಯೋಗಶಾಸ್ತ್ರದಲ್ಲಿ ಇದೆಯಲ್ಲ ಎನ್ನುವವರುಂಟು. ಇದೆ, ಸೂಕ್ಷ್ಮಜೀವಿಗಳ ಭಕ್ಷಣದ ಮಾತೂ ಅದರ ಬೆನ್ನಿಗೇ ಇದೆ. ಕರಪತ್ರ ಬರೆಯುವವರು ಅರ್ಧವನ್ನಷ್ಟೇ ಓದಿದಂತೆ ತೋರುತ್ತದೆ.

ಹಾನಿಯಾಗುವುದು ಮಕ್ಕಳಿಗೆ. ಶಾಲೆಯಲ್ಲಿ ಜೀರ್ಣಾಂಗವ್ಯೂಹವನ್ನು ಕಲಿತು ಬಂದ ಬಾಲಕಿಯು ಕರಪತ್ರವನ್ನು ಓದಿ ನಗುತ್ತಾಳೆ. ನಾಳೆ ಸುಳ್ಳಿನೊಡನೆ ವ್ರತವನ್ನೂ ಬಿಸುಡುತ್ತಾಳೆ. ಅಹಿಂಸೆಯ ವ್ರತವನ್ನು ಹಬ್ಬಿಸಲು ಸತ್ಯಾಣುವ್ರತವನ್ನು ಮುರಿಯುವ ಅಗತ್ಯವೇನಿತ್ತು?

ಅದೇ ಕರಪತ್ರವನ್ನು ಹಂಚಿದ ಆಡಳಿತ ಮಂಡಳಿಗಳೇ ಸನ್ಮಾನ, ಭಾಷಣಗಳನ್ನು ಕತ್ತಲಾಗುವವರೆಗೂ ಎಳೆದು, ವಿದ್ಯುದ್ದೀಪಕ್ಕೆ ಮುತ್ತುವ ಹುಳುಗಳ ನಡುವೆ ಹಾಲು, ಹಣ್ಣು, ಅವಲಕ್ಕಿಗಳನ್ನು 'ಫಲಾಹಾರ'ವೆಂದು ಬಡಿಸುವುದೂ ಉಂಟು. ಜೀವಿಗಳಿಗೆ ಆ ಹೆಸರಿನ ಭೇದ ತಿಳಿಯದು. ಕರ್ನಾಟಕದಲ್ಲಿ ಡಿಸೆಂಬರಿನ ಸೂರ್ಯಾಸ್ತ 6ರ ಆಸುಪಾಸು, ಜೂನಿನದು 7ರ ಆಸುಪಾಸು. ಅದಕ್ಕೆ ಎರಡು ಘಳಿಗೆ, ಎಂದರೆ 48 ನಿಮಿಷ, ಮುಂಚಿತವಾಗಿ ಪಂಕ್ತಿ ಏಳುವಂತೆ ಸಮಾರಂಭದ ವೇಳಾಪಟ್ಟಿಯನ್ನು ಹಾಕುವುದು ಕಷ್ಟವಲ್ಲ. ಎರಡು ಭಾಷಣಗಳನ್ನು ಕೈಬಿಟ್ಟರೆ ಸಾಕು.