ಗರುಡಗಂಬದ ಬುಡದಲ್ಲಿ ಅವ್ವ ಕೇಳಿದ್ದು

ನಮ್ಮ ಮಲ್ಲಂದೂರಿನ ಕಡೆಯ ಹೆಂಗಸರಿಗೆ ಪ್ರವಾಸವೆಂದರೆ ಧರ್ಮಸ್ಥಳ, ಹೊರನಾಡು, ಶೃಂಗೇರಿ. ಹರಕೆಯ ನೆಪವಿಲ್ಲದೆ ಒಂದು ದಿನ ಮನೆಬಿಟ್ಟು ಹೊರಡುತ್ತೇವೆಂದರೆ ಇವತ್ತಿಗೂ ಗಂಡಸರ ಹುಬ್ಬು ಮೇಲೇರುತ್ತದೆ. ಹಾಗಿರುವಾಗ ಬೇಲೂರು, ಹಳೇಬೀಡುಗಳಿಗೆ 2023ರ ಸೆಪ್ಟೆಂಬರಿನಲ್ಲಿ ಯುನೆಸ್ಕೋದವರ ವಿಶ್ವ ಪರಂಪರೆಯ ಪಟ್ಟ ಸಿಕ್ಕಿದ್ದು ನಮಗೆ ಒಳ್ಳೆಯದೇ ಆಯಿತು. ‘ಪ್ರಪಂಚದವರೆಲ್ಲ ಬಂದು ನೋಡ್ತಾರೆ, ಪಕ್ಕದಲ್ಲಿರೋ ನಾವು ನೋಡದಿದ್ರೆ ಹೆಂಗೆ’ ಎಂಬ ಮಾತನ್ನು ಸಂಘದ ಸಭೆಯಲ್ಲಿ ಒಬ್ಬರು ಎತ್ತಿದರು. ಕುಯ್ಲು ಮುಗಿದು, ಹೂಮಳೆಗೆ ಇನ್ನೂ ದಿನವಿದ್ದಾಗ, ಒಂದು ಮಿನಿ ಬಸ್ ಗೊತ್ತುಮಾಡಿಕೊಂಡು ಹೊರಟೇಬಿಟ್ಟೆವು. ಬುತ್ತಿಗೆ ಅಕ್ಕಿರೊಟ್ಟಿ, ಕಾಯಿಚಟ್ನಿ. ಎಂಬತ್ತು ದಾಟಿದ ನಮ್ಮ ಅವ್ವನೂ ಬಂದಳು. ಬೇಡವೆಂದರೆ ಕೇಳುವ ಪೈಕಿಯಲ್ಲ ಅವಳು.

ಬೇಲೂರಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅಲ್ಲಿನ ಮದನಿಕೆಯರನ್ನು ಕುರಿತು ಗೈಡುಗಳು ಹೇಳುವ ತಮಾಷೆಗಳು ನಿಮಗೂ ಗೊತ್ತಿವೆ. ‘ನೋಡೀಮ್ಮ, ಆಗಿನ ಕಾಲದಲ್ಲೇ ಕನ್ನಡಿ ಮುಂದೆ ಮೇಕಪ್ಪು’ ಎಂದಾಗ ನಾವೂ ನಕ್ಕೆವು. ನಕ್ಕಿದ್ದಕ್ಕೆ ಆಮೇಲೆ ಸ್ವಲ್ಪ ನಾಚಿಕೆಯಾಯಿತು, ಆ ಮಾತು ಬೇರೆ.

ನನ್ನ ತಕರಾರು ಇರುವುದು ಹಳೇಬೀಡಿನಲ್ಲಿ. ಹೊಯ್ಸಳೇಶ್ವರ ಗುಡಿಯ ದಕ್ಷಿಣದ ಕಡೆ ಒಂದು ಕಂಬವಿದೆ. ಗುಡಿಯ ಗೋಡೆಯ ಮೇಲಿನ ಆನೆಗಳ ಸಾಲು, ರಾಮಾಯಣ, ಮಹಾಭಾರತ ನೋಡಿ ಕಣ್ಣು ದಣಿದವರು ಅದರತ್ತ ತಿರುಗುವುದೇ ಕಡಿಮೆ. ನಮ್ಮ ಗೈಡು ಚುರುಕಾದ ಹುಡುಗ, ಅವನೇ ಕರೆದುಕೊಂಡು ಹೋದ. ಅದೇ ಹೊತ್ತಿಗೆ ಯಾವುದೋ ಶಾಲೆಯ ಮಕ್ಕಳೂ ಬಂದು ಸುತ್ತ ನಿಂತವು. ಹುಡುಗನಿಗೆ ಹುರುಪು ಬಂತು. ‘ಸಿನಿಮಾದಲ್ಲಿ ಜಪಾನಿನ ಸಮುರಾಯ್ ನೋಡಿದ್ದೀರಲ್ಲ? ಒಡೆಯನಿಗಾಗಿ ಪ್ರಾಣ ಕೊಡೋರು? ನಮ್ಮಲ್ಲೂ ಇದ್ದರು! ಅವರ ಹೆಸರು ಗರುಡರು. ರಾಜ ಸತ್ತರೆ ಇವರೂ ತಲೆ ಕತ್ತರಿಸಿಕೊಳ್ಳೋರು. ಸ್ವಾಮಿನಿಷ್ಠೆ ಅಂದ್ರೆ ಇದು!’ ಎಂದು ಕಂಬದ ಮೇಲಿನ ಸಣ್ಣ ಸಣ್ಣ ಉಬ್ಬುಶಿಲ್ಪಗಳನ್ನು ತೋರಿಸಿದ. ಕತ್ತಿ ಹಿಡಿದ ಗಂಡಸರು ತಮ್ಮ ತಲೆಯನ್ನು ತಾವೇ ಕಡಿದುಕೊಳ್ಳುತ್ತಿದ್ದಾರೆ. ಮಕ್ಕಳು ಚಪ್ಪಾಳೆ ತಟ್ಟಿದವು. ‘ಇಲ್ಲಿ ಕುವರಲಕ್ಷ್ಮ ಅನ್ನೋ ದಂಡನಾಯಕ ಪ್ರಾಣ ಕೊಟ್ಟ. ಅವನ ಹೆಂಡತಿಯೂ ಜೊತೆಗೆ ಹೋದಳು’ ಎಂದ, ಪೇಟೆಗೆ ಹೋದಳು ಎನ್ನುವ ಹಾಗೆ.

ಅವ್ವ ಕೋಲೂರಿಕೊಂಡು ನಿಂತಿದ್ದಳು. ‘ಹೋದ್ಲು ಅಂದ್ರೆ? ಅವಳಿಗೆ ಮಕ್ಕಳಿದ್ವೇನಪ್ಪ?’ ಎಂದು ಕೇಳಿದಳು.

ಹುಡುಗ ನಕ್ಕ. ‘ಅದೆಲ್ಲ ನಂಗೊತ್ತಿಲ್ಲ ಅಜ್ಜಿ’ ಎಂದು ದೊಡ್ಡ ನಂದಿಯ ಕಡೆ ಹೊರಟ. ಮಕ್ಕಳೂ ಹಿಂದೆ ಓಡಿದವು.

ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಎರಡು ಗಂಟೆಯಲ್ಲಿ ಇಡೀ ಹೊಯ್ಸಳ ಚರಿತ್ರೆಯನ್ನು ಬಿಸಿಲಲ್ಲಿ ನಿಂತು ಹೇಳಬೇಕು, ಮುಂದಿನ ಗುಂಪು ಕಾಯುತ್ತಿರುತ್ತದೆ. ಅವನು ಹೇಳಿದ್ದು ಅವನಿಗೆ ಕಲಿಸಿದ್ದನ್ನು. ನನ್ನ ಜಗಳ ಹಾಗೆ ಕಲಿಸಿದವರ ಜೊತೆ, ಹಾಗೆಯೇ ಕೇಳಿಸಿಕೊಂಡು ತಲೆದೂಗುವ ನಮ್ಮ ಜೊತೆ.

ಆ ಕಂಬದ ಸಂಗತಿ ಇಷ್ಟು. ಇಮ್ಮಡಿ ವೀರಬಲ್ಲಾಳ ತೀರಿಕೊಂಡದ್ದು 1220ರಲ್ಲಿ. ಅವನ ನೆಚ್ಚಿನ ಬಂಟ ಕುವರಲಕ್ಷ್ಮ. ಒಡೆಯ ಸತ್ತ ಮೇಲೆ ಬದುಕಿರುವುದಿಲ್ಲ ಎಂದು ಮೊದಲೇ ಆಣೆಯಿಟ್ಟವರನ್ನು ಗರುಡರು, ಲೆಂಕರು ಎಂದು ಕರೆಯುತ್ತಿದ್ದರು. ವಿಷ್ಣುವಿಗೆ ಗರುಡ ಹೇಗೋ ರಾಜನಿಗೆ ಇವರು ಹಾಗೆ. ಒಡೆಯ ಹಾಕಿದ ಜೋಳ ತಿಂದ ಋಣಕ್ಕೆ ಪ್ರಾಣ ಕೊಡುವುದಕ್ಕೆ ‘ಜೋಳವಾಳಿ’ ಎಂದೇ ಒಂದು ಮಾತು ಹಳಗನ್ನಡದಲ್ಲಿದೆ. ಎಂಥ ಮಾತು ನೋಡಿ! ಜೋಳ ಬೆಳೆದವನು ರೈತ, ಬೀಸಿ ರೊಟ್ಟಿ ಬಡಿದವಳು ಹೆಂಡತಿ, ಋಣ ಮಾತ್ರ ರಾಜನದು. ಲಕ್ಷ್ಮ, ಅವನ ಹೆಂಡತಿ ಸುಗ್ಗಲದೇವಿ, ಸಾವಿರ ಮಂದಿ ಲೆಂಕರು ಒಡೆಯನ ಹಿಂದೆಯೇ ಪ್ರಾಣ ಬಿಟ್ಟರೆಂದು ಶಾಸನ ಹೇಳುತ್ತದೆ. ಕಂಬದ ತುಂಬ ಕಡಿದುಕೊಳ್ಳುವ ಗಂಡಸರು. ಸಾವಿರವೆಂಬುದು ಕವಿಯ ಲೆಕ್ಕವೇ ಇರಲಿ, ನೂರೇ ಮಂದಿ ಎಂದುಕೊಳ್ಳಿ. ಆ ರಾತ್ರಿ ನೂರು ಮನೆಗಳಲ್ಲಿ ಒಲೆಯ ಮುಂದೆ ಯಾರು ಕೂತಿದ್ದರು? ಆ ಮಕ್ಕಳು ಮರುದಿನ ಯಾರ ಜೋಳ ತಿಂದವು?

ರಾಜ್ಯಕ್ಕಾದರೂ ಲಾಭವಾಯಿತೇ ಎಂದರೆ ಅದೂ ಇಲ್ಲ. ಬಲ್ಲಾಳನ ಮಗ ನರಸಿಂಹ ಪಟ್ಟವೇರಿದ. ಸಿಂಹಾಸನ ಒಂದು ದಿನವೂ ಖಾಲಿ ಬಿದ್ದಿರಲಿಲ್ಲ. ಅಪ್ಪನ ಕಾಲದ ಪಳಗಿದ ಬಂಟರು ಮಗನ ಕಾಲಕ್ಕೆ ಬೇಕಾಗಿರಲಿಲ್ಲವೇ? ಮನೆಯ ಯಜಮಾನ ಸತ್ತನೆಂದು ಎತ್ತುಗಳನ್ನೂ ಕಡಿದು ಹಾಕಿದರೆ ಮುಂದಿನ ವರ್ಷದ ಉಳುಮೆ ಯಾರಿಂದ? ಇಷ್ಟು ಸಣ್ಣ ಲೆಕ್ಕ ನಮ್ಮ ಯಾವ ಹೆಂಗಸಿಗೂ ಹೊಳೆಯುತ್ತದೆ. ಶಾಸನ ಬರೆಸಿದವರಿಗೆ ಹೊಳೆಯದೆ ಇದ್ದದ್ದಲ್ಲ. ಅವರಿಗೆ ಬೇಕಾಗಿದ್ದದ್ದು ಆ ಸಾವನ್ನು ನೋಡಿ ಕಲಿಯುವ ಇನ್ನಷ್ಟು ಆಳುಗಳು.

ಅವ್ವ ಆ ಪ್ರಶ್ನೆಯನ್ನೇ ಯಾಕೆ ಕೇಳಿದಳೆಂದು ಬಸ್ಸಿನಲ್ಲಿದ್ದ ಉಳಿದವರಿಗೆ ಗೊತ್ತಾಗಲಿಲ್ಲ. ನನಗೆ ಗೊತ್ತಾಯಿತು. ನಮ್ಮ ಅಪ್ಪ ಒಂದು ದೊಡ್ಡ ಕಾಫಿ ತೋಟದಲ್ಲಿ ಮೂವತ್ತೊಂದು ವರ್ಷ ರೈಟರಾಗಿದ್ದರು. ಬೆಳಗಿನ ಹಾಜರಿಯಿಂದ ಸಂಜೆಯ ಹಣ್ಣಿನ ತೂಕದವರೆಗೆ ಎಲ್ಲ ಅವರ ಕೈಯಲ್ಲೇ. ಕುಯ್ಲಿನ ಕಾಲದಲ್ಲಿ ಮನೆಗೆ ಬರುತ್ತಿದ್ದದ್ದು ಬಟ್ಟೆ ಬದಲಿಸಲು ಮಾತ್ರ. 1974ರ ಕುಯ್ಲಿನಲ್ಲಿ ನನ್ನ ತಮ್ಮನಿಗೆ, ಎಂಟು ತಿಂಗಳ ಕೂಸಿಗೆ, ಜ್ವರ ಬಂತು. ಅವ್ವ ಪಲ್ಪರ್ ಮನೆಗೆ ಎರಡು ಸಲ ಹೇಳಿಕಳಿಸಿದಳು. ಹೇಳಲು ಓಡಿದವಳು ನಾನೇ. ಏಳು ವರ್ಷ ನನಗೆ. ‘ತೂಕ ಮುಗಿಸಿ ಬರ್ತೀನಿ ಅನ್ನು. ಸಾಹುಕಾರರು ನನ್ನ ನಂಬಿ ಪೇಟೆಗೆ ಹೋಗಿದಾರೆ’ ಎಂದರು ಅಪ್ಪ. ಎರಡನೇ ಸಲ ಹೋದಾಗ ತಲೆ ಎತ್ತದೆ ಅದನ್ನೇ ಹೇಳಿದರು. ತೋಟದ ಜೀಪು ಅಲ್ಲೇ ನಿಂತಿತ್ತು, ಕೇಳದೆ ಮುಟ್ಟುವ ಹಾಗಿರಲಿಲ್ಲ. ಮರುದಿನ ಬೆಳಿಗ್ಗೆ ಚಿಕ್ಕಮಗಳೂರಿಗೆ ಒಯ್ಯುವ ಹೊತ್ತಿಗೆ ಕೂಸು ತಣ್ಣಗಾಗಿತ್ತು.

ಅಪ್ಪ ಕೆಟ್ಟವರಲ್ಲ. ಆ ಮೇಲೆ ಅವರು ಸರಿಯಾಗಿ ನಿದ್ದೆ ಮಾಡಿದ್ದನ್ನು ನಾನು ನೋಡಿಲ್ಲ. ಆದರೆ ಊರವರು ಹೇಳಿದ್ದು ಏನು ಗೊತ್ತೇ? ‘ಮಗು ಸಾಯೋ ಹೊತ್ತಲ್ಲೂ ಲೆಕ್ಕದ ಪುಸ್ತಕ ಬಿಡಲಿಲ್ಲ. ನಿಯತ್ತು ಅಂದ್ರೆ ಅದು.’ ಕೆಲಸ ಬಿಡುವಾಗ ಅವರಿಗೊಂದು ಶಾಲು ಹೊದಿಸಿ, ನಂಬಿಕಸ್ಥ ಎಂದು ನಾಲ್ಕು ಮಾತಾಡಿದರು. ಅವ್ವನನ್ನು ಯಾರೂ ವೇದಿಕೆಗೆ ಕರೆಯಲಿಲ್ಲ. ಅವಳು ಅಡುಗೆಯವರ ಜೊತೆ ಪಾಯಸ ಬಡಿಸುತ್ತಿದ್ದಳು.

ಆದ್ದರಿಂದ ‘ಸ್ವಾಮಿನಿಷ್ಠೆ’ ಎಂದು ಯಾರಾದರೂ ಕಂಬ ತೋರಿಸಿದರೆ ನನಗೆ ಚಪ್ಪಾಳೆ ತಟ್ಟಲು ಕೈ ಬರುವುದಿಲ್ಲ. ಅದರ ಬೆಲೆ ತೆರುವವರು ಕಂಬದ ಮೇಲೆ ಇರುವುದಿಲ್ಲ.

ಜಪಾನಿನ ಮಾತು ಆ ಹುಡುಗನೇ ತೆಗೆದದ್ದರಿಂದ ಅದನ್ನೂ ಹೇಳಿಬಿಡುತ್ತೇನೆ. ನಮ್ಮ ಅಕ್ಕನ ಮಗಳು ಕೆಲಸದ ಮೇಲೆ ಎರಡು ವರ್ಷ ಅಲ್ಲಿದ್ದಳು. ಐಝು ವಕಮತ್ಸು ಎಂಬ ಊರಿಗೆ ಒಂದು ದಿನ ಹೀಗೆಯೇ ಗೈಡ್ ಜೊತೆ ಹೋಗಿದ್ದಳಂತೆ. ಕೋಟೆ, ಸಮುರಾಯ್ ಮನೆ, ಒಂದು ಗುಡ್ಡ. 1868ರ ಯುದ್ಧದಲ್ಲಿ ಆ ಗುಡ್ಡದ ಮೇಲಿಂದ ಹದಿನಾರು, ಹದಿನೇಳರ ಹುಡುಗರು ಕೋಟೆಯ ಕಡೆ ಹೊಗೆ ಕಂಡು, ಕೋಟೆ ಬಿತ್ತೆಂದು ತಿಳಿದು ಪ್ರಾಣ ಕಳೆದುಕೊಳ್ಳಲು ಹೊರಟರು. ಇಪ್ಪತ್ತರಲ್ಲಿ ಉಳಿದವನು ಒಬ್ಬನೇ. ಕೋಟೆ ಆಗಿನ್ನೂ ಬಿದ್ದೇ ಇರಲಿಲ್ಲ! ಅದೇ ಯುದ್ಧದಲ್ಲಿ ಸೈಗೊ ತನೊಮೊ ಎಂಬ ಹಿರಿಯ ಸಮುರಾಯ್ ಮನೆಯ ಹೆಂಗಸರು ಮಕ್ಕಳು ಇಪ್ಪತ್ತೊಂದು ಮಂದಿ ಮನೆಯೊಳಗೇ ಪ್ರಾಣ ಬಿಟ್ಟರು. ಮನೆಯ ಯಜಮಾನ ಮಾತ್ರ ಆ ಯುದ್ಧದ ನಂತರವೂ ಬದುಕಿದ್ದ. ಈಗ ಆ ಮನೆಯನ್ನು ಮತ್ತೆ ಕಟ್ಟಿ, ಆ ಕೋಣೆಯ ದೃಶ್ಯವನ್ನು ಬೊಂಬೆಗಳಲ್ಲಿ ಇಟ್ಟಿದ್ದಾರೆ. ‘ಅಲ್ಲಿವರೆಗೂ ಫೋಟೋ ತೆಗೀತಿದ್ದೋರೆಲ್ಲ ಆ ಕೋಣೆ ಮುಂದೆ ಸುಮ್ಮನಾದ್ರು ಚಿಕ್ಕಮ್ಮ’ ಎಂದಳು ಹುಡುಗಿ. ಅಷ್ಟಾದರೂ ತೋರಿಸುತ್ತಾರಲ್ಲ ಎನಿಸಿತು ನನಗೆ. ಅವರೇನು ಸಾಚಾಗಳಲ್ಲ. ಹುಡುಗರು ಸತ್ತ ಗುಡ್ಡಕ್ಕೆ 1928ರಲ್ಲಿ ಮುಸೊಲಿನಿಯ ಇಟಲಿಯಿಂದ ಒಂದು ಹಳೇ ರೋಮನ್ ಕಂಬ ಕಾಣಿಕೆಯಾಗಿ ಬಂತು, ಅದು ಈಗಲೂ ಅಲ್ಲಿದೆ. ಬೇರೆಯವರ ಮಕ್ಕಳು ತನಗಾಗಿ ಸಾಯಲಿ ಎಂದು ಆಸೆಪಟ್ಟವನಿಗೆ ಏಳು ಸಮುದ್ರದಾಚೆಯಿಂದಲೂ ಅಂಥ ಜಾಗ ಕಣ್ಣಿಗೆ ಬಿತ್ತು ನೋಡಿ.

‘ಆ ಕಾಲದ ಧರ್ಮ ಆ ಕಾಲಕ್ಕೆ. ಇವತ್ತಿನ ಕಣ್ಣಲ್ಲಿ ಅಳೆಯಬಾರದು’ ಎನ್ನುವವರಿದ್ದಾರೆ. ನಮ್ಮ ಬಸ್ಸಿನಲ್ಲೇ ಒಬ್ಬರು ಮೇಡಂ ಹೀಗೆಂದರು, ಓದಿದವರು. ಆ ಕಾಲದವರೆಲ್ಲ ಇದನ್ನು ಒಪ್ಪಿದ್ದರೆಂದು ಇವರಿಗೆ ಹೇಳಿದವರು ಯಾರು? ಸತ್ತವರ ಹಿಂದೆ ಸಾಯುವುದು ಮೂಢತನ, ಅದರಿಂದ ಸತ್ತವರಿಗೂ ಉಪಕಾರವಿಲ್ಲ ಎಂಬ ಮಾತು ಏಳನೆಯ ಶತಮಾನದ ಬಾಣನ ‘ಕಾದಂಬರಿ’ಯಲ್ಲೇ ಬಂದಿದೆ. ಆ ಕಾವ್ಯವನ್ನು ನಮ್ಮ ನಾಗವರ್ಮ ಕನ್ನಡಕ್ಕೆ ತಂದು ಎಷ್ಟೋ ತಲೆಮಾರು ಕಳೆದ ಮೇಲೆ ನಿಂತದ್ದು ಈ ಕಂಬ. ಸಮುರಾಯ್‌ಗಳ ನಾಡಿನಲ್ಲೂ ಒಡೆಯನ ಹಿಂದೆ ಸಾಯುವುದನ್ನು 1663ರಲ್ಲಿ ಅಲ್ಲಿನ ಪ್ರಭುತ್ವವೇ ನಿಷೇಧಿಸಿತು. ಬಲ್ಲಾಳ ಹುಟ್ಟಿದ ಶತಮಾನದಲ್ಲೇ ಅಕ್ಕಮಹಾದೇವಿ ರಾಜನ ಅರಮನೆ ಬಿಟ್ಟು ನಡೆದಳೆಂದು ನಾವೇ ಹಾಡಿ ಹೊಗಳುವುದಿಲ್ಲವೇ? ಬೇಡವೆನ್ನುವ ದನಿ ಆಗಲೂ ಇತ್ತು. ಆ ದನಿಗೆ ಅಲ್ಲಿ ಕಂಬ ನಿಲ್ಲಿಸಲಿಲ್ಲ, ಅಷ್ಟೇ.

ಇನ್ನು ‘ಅವಳೇ ಇಷ್ಟಪಟ್ಟು ಹೋದಳು’ ಎಂಬ ಮಾತು. ನಮ್ಮ ಮಲೆನಾಡಿನ ಊರೂರಲ್ಲೂ ಮಾಸ್ತಿಕಲ್ಲುಗಳಿವೆ. ಕಂಬದಿಂದ ಹೊರಚಾಚಿದ ಒಂದು ತೋಳು, ತೋಳ ತುಂಬ ಬಳೆ, ಬೆರಳುಗಳ ನಡುವೆ ನಿಂಬೆಹಣ್ಣು. ಚಿಕ್ಕಂದಿನಲ್ಲಿ ಅದು ಆಶೀರ್ವಾದ ಮಾಡುವ ಕೈ ಎಂದುಕೊಂಡಿದ್ದೆ. ಬೆಂಕಿಗೆ ಹೋದವಳ ಕೈ ಎಂದು ತಿಳಿದ ಮೇಲೆ ಅದು ನಿಲ್ಲಿಸಿ ಎನ್ನುವ ಕೈಯ ಹಾಗೂ ಕಾಣತೊಡಗಿತು. ಎರಡರಲ್ಲಿ ಯಾವುದು ನಿಜವೆಂದು ಕಲ್ಲು ಹೇಳುವುದಿಲ್ಲ. ಕೆತ್ತಿಸಿದವರು ಬದುಕಿದ್ದವರು. ಇದೆಲ್ಲ ಮುಗಿದ ಕಥೆಯೆಂದೂ ತಿಳಿಯಬೇಡಿ. 1829ರಲ್ಲಿ ಬೆಂಟಿಂಕ್ ಸತಿ ಪದ್ಧತಿಯನ್ನು ನಿಷೇಧಿಸಿದ ಮೇಲೂ, 1987ರ ಸೆಪ್ಟೆಂಬರ್ 4ರಂದು ರಾಜಸ್ಥಾನದ ದೇವರಾಲದಲ್ಲಿ ಹದಿನೆಂಟು ವರ್ಷದ ರೂಪ್ ಕನ್ವರ್ ಗಂಡನ ಚಿತೆಯಲ್ಲಿ ಸುಟ್ಟುಹೋದಳು. ಆಗಲೂ ‘ಇಷ್ಟಪಟ್ಟು ಹೋದಳು’ ಎಂದೇ ಸಾವಿರಾರು ಜನ ಜೈಕಾರ ಹಾಕಿದರು. ಸತಿಯನ್ನು ವೈಭವೀಕರಿಸುವುದೂ ಅಪರಾಧವೆಂದು ಅದೇ ವರ್ಷ ಕಾನೂನು ಬಂತು. ವೈಭವೀಕರಿಸಿದ ಆರೋಪದ ಮೇಲೆ ಕಟಕಟೆ ಹತ್ತಿದವರಲ್ಲಿ ಕೊನೆಯ ಎಂಟು ಮಂದಿಯೂ 2024ರ ಅಕ್ಟೋಬರಿನಲ್ಲಿ ಬಿಡುಗಡೆಯಾದರು. ಕಾನೂನಿನ ಕೈ ಅಷ್ಟೇ ಉದ್ದ. ಮಕ್ಕಳು ಯಾವುದಕ್ಕೆ ಚಪ್ಪಾಳೆ ತಟ್ಟಬೇಕೆಂದು ಕಲಿಸುವುದು ಮಾತ್ರ ನಮ್ಮ ಕೈಯಲ್ಲಿದೆ.

ಕಂಬ ಕಿತ್ತುಹಾಕಿ ಎಂದು ನಾನು ಹೇಳುತ್ತಿಲ್ಲ. ಅದು ಇರಲಿ, ಚೆನ್ನಾಗಿರಲಿ, ಅದರ ಸುತ್ತ ಒಂದು ಬೇಲಿಯೂ ಇರಲಿ. ಹೋದವರು ಗೈಡನ್ನು ಕೇಳಿ: ಆ ಹೆಂಡತಿಯ ಹೆಸರೇನು, ಆ ಲೆಂಕರ ಮನೆಯವರು ಏನಾದರು, ಹೀಗೆ ಸತ್ತದ್ದರಿಂದ ಯಾರಿಗೆ ಏನಾಯಿತು? ಅವನಿಗೆ ಗೊತ್ತಿಲ್ಲದಿದ್ದರೂ ಪರವಾಗಿಲ್ಲ. ಹತ್ತು ಗುಂಪಿನ ಹೆಂಗಸರು ಅದನ್ನೇ ಕೇಳಿದರೆ ಹನ್ನೊಂದನೆಯ ಗುಂಪಿಗೆ ಅವನೇ ಹೇಳತೊಡಗುತ್ತಾನೆ. ಟೀಚರಮ್ಮಂದಿರು ಮಕ್ಕಳನ್ನು ಕರೆದುಕೊಂಡು ಹೋದಾಗ ಆ ಕಂಬದ ಮುಂದೆ ಚಪ್ಪಾಳೆ ಬೇಡವೆಂದರೆ ಸಾಕು.

ಸುಗ್ಗಲದೇವಿ ಎಂಬ ಹೆಸರು ನನಗೆ ಸಿಕ್ಕಿದ್ದು ಊರಿಗೆ ಬಂದ ಮೇಲೆ, ಶಾಸನಗಳ ಪುಸ್ತಕವೊಂದರಲ್ಲಿ. ಅವತ್ತು ಸಂಜೆ ಅವ್ವ ಹಿತ್ತಿಲ ಜಗುಲಿಯಲ್ಲಿ ಮೊರ ಇಟ್ಟುಕೊಂಡು, ಮನೆಬಳಕೆಯ ಕಾಫಿಬೀಜದಲ್ಲಿ ಕಪ್ಪು ಆರಿಸುತ್ತಿದ್ದಳು. ಹೆಸರು ಹೇಳಿದೆ. ಕಿವಿ ಮಂದ, ಎರಡು ಸಲ ಹೇಳಬೇಕಾಯಿತು.

‘ಸುಗ್ಗಲದೇವಿ’ ಎಂದು ಅವಳೂ ಒಮ್ಮೆ ಹೇಳಿಕೊಂಡಳು. ‘ಮನೇಲಿ ಸುಗ್ಗಿ ಅಂತಿದ್ರೇನೋ.’

ಮತ್ತೆ ಮೊರದ ಕಡೆ ಬಗ್ಗಿದಳು.